ಆ ಫೋನಿನಲ್ಲಿ ನಿಮ್ಮ ಗೆಳತಿ ಏನು ಕೇಳಿದಳು?

ನಮಸ್ಕಾರ.

ಕಾಲೇಜಿನಲ್ಲಿ ಭೋಪಾಲ್ ಅನಿಲ ದುರಂತದ ಸಾಕ್ಷ್ಯಚಿತ್ರ ನೋಡಿದ ಮೇಲೆ ನೀವು ಬರೆದು ಕಳಿಸಿದ ‘ಕಣ್ಣೀರಾದ ಮಧ್ಯಾಹ್ನ’ ತಲುಪಿತು. ಓದಿ ಬದಿಗಿಟ್ಟೆ, ಮತ್ತೆ ತೆಗೆದು ಓದಿದೆ. ಭಾಷೆ ಚೊಕ್ಕವಾಗಿದೆ, ಕಾಗುಣಿತ ಕೈಕೊಟ್ಟಿಲ್ಲ. ನೀವು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ನಡೆದ ದುರಂತದ ಬಗ್ಗೆ ಬರೆಯಬೇಕು ಅನ್ನಿಸಿದ್ದೂ ಸಂತೋಷವೇ. ಆದರೆ ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ. ‘ಸ್ಥಳಾವಕಾಶವಿಲ್ಲ’ ಎಂದು ಒಂದು ಸಾಲು ಬರೆದು ಮುಗಿಸಬಹುದಿತ್ತು. ಮನಸ್ಸಾಗಲಿಲ್ಲ. ನಿಮ್ಮ ಬರಹ ನನ್ನನ್ನು ರೇಗಿಸಿತು, ಯಾಕೆ ಅನ್ನುವುದನ್ನು ನಿಮಗೆ ಹೇಳಲೇಬೇಕು.

ನನ್ನ ತಕರಾರು ಮೊದಲ ಸಾಲಿನಿಂದಲೇ ಶುರು. ‘ಭೋಪಾಲ್ ನಿದ್ರಿಸುತ್ತಿತ್ತು, ವಿಧಿಯೊಂದೇ ಎಚ್ಚರವಾಗಿತ್ತು’ ಎಂದಿದ್ದೀರಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ರಾತ್ರಿಪಾಳಿಯವರು ಎಚ್ಚರವಾಗಿದ್ದರು. ಹನ್ನೊಂದೂವರೆ ಹೊತ್ತಿಗಾಗಲೇ ಅವರ ಕಣ್ಣು ಉರಿಯತೊಡಗಿತ್ತು. ಎಲ್ಲೋ ಸೋರುತ್ತಿದೆ ಎಂದು ಮೇಲಿನವರಿಗೆ ಹೇಳಿದ್ದರು. ಚಹಾ ಮುಗಿಯಲಿ, ಆಮೇಲೆ ನೋಡೋಣ ಎಂದಾಯಿತು. ಅದಕ್ಕೂ ಎರಡು ವರ್ಷ ಮೊದಲೇ, 1982ರಲ್ಲಿ, ಭೋಪಾಲಿನ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ ಈ ಕಾರ್ಖಾನೆಯಿಂದ ಊರಿಗೆ ಅಪಾಯವಿದೆ, ಕಾಪಾಡಿ ಎಂದು ತಮ್ಮ ಪುಟ್ಟ ವಾರಪತ್ರಿಕೆಯಲ್ಲಿ ಮೇಲಿಂದ ಮೇಲೆ ಬರೆದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿಮ್ಮ ಆ ಒಂದು ಸಾಲು ಇವರೆಲ್ಲರನ್ನೂ ಮಲಗಿಸಿಬಿಟ್ಟಿದೆ.

ಎರಡನೆಯ ಸಾಲು: ‘ಕ್ರೂರ ವಿಷಾನಿಲ ಹೆಬ್ಬಾವಿನಂತೆ ಹರಿದು ಬಂತು.’ ಅನಿಲಕ್ಕೆ ಕ್ರೌರ್ಯವೂ ಗೊತ್ತಿಲ್ಲ, ಕರುಣೆಯೂ ಗೊತ್ತಿಲ್ಲ. ಅದು ಹುಟ್ಟಿದ್ದು ಮೀಥೈಲ್ ಐಸೊಸಯನೇಟ್ ಎಂಬ ದ್ರವದಿಂದ. ಆ ದ್ರವ 39 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಹಾಗಾಗಿ ಅದನ್ನು ಸದಾ ತಣ್ಣಗಿಡಬೇಕು. ತಣ್ಣಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. 610ನೇ ಟ್ಯಾಂಕಿನಲ್ಲಿ ಸುಮಾರು 40 ಟನ್ ತುಂಬಿಸಿಟ್ಟಿದ್ದರು. ಅದರೊಳಗೆ ನೀರು ಸೇರಿ ಕುದಿ ಹತ್ತಿದಾಗ, ಹೊರಬರುವ ಅನಿಲವನ್ನು ಸುಡಬೇಕಿದ್ದ ಗೋಪುರದ ಕೊಳವೆ ರಿಪೇರಿಗೆಂದು ಕಳಚಿಟ್ಟಿತ್ತು. ಅನಿಲವನ್ನು ತೊಳೆದು ನಿರ್ವಿಷ ಮಾಡಬೇಕಿದ್ದ ಸ್ಕ್ರಬ್ಬರ್ ಚಾಲೂ ಇರಲಿಲ್ಲ. ಚಿಮ್ಮಿಸಿದ ನೀರು ಅಷ್ಟೆತ್ತರಕ್ಕೆ ಮುಟ್ಟಲಿಲ್ಲ. ಊರಿಗೆ ಕೇಳಿಸುವ ಸೈರನ್ ಸ್ವಲ್ಪ ಹೊತ್ತು ಕೂಗಿತು, ಆಮೇಲೆ ಅದನ್ನು ನಿಲ್ಲಿಸಿದರು. ಸುತ್ತಲಿನ ಜನ ಗಾಬರಿಯಾಗಬಾರದು ಎಂಬುದು ಕಂಪನಿಯ ಪದ್ಧತಿ. ಇದೆಲ್ಲ ಯಾರೋ ಕೂತು ತೀರ್ಮಾನಿಸಿದ್ದು, ಇಲ್ಲವೇ ಯಾರೋ ಸುಮ್ಮನೆ ಬಿಟ್ಟದ್ದು. ನೀವು ನೋಡಿದ ಚಿತ್ರದಲ್ಲಿ ಇದರ ಬಹುಪಾಲು ಇತ್ತೆಂದು ನಿಮ್ಮ ಲೇಖನದಿಂದಲೇ ತಿಳಿಯುತ್ತದೆ. ‘ತಾಂತ್ರಿಕ ವಿವರಗಳು ಮುಗಿದ ಮೇಲೆ’ ಎಂದು ಒಂದೇ ಹೆಜ್ಜೆಗೆ ದಾಟಿ ಮುಂದೆ ಹೋಗಿದ್ದೀರಿ. ಆ ವಿವರಗಳೇ ದುರಂತ!

ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿ 1989ರಲ್ಲಿ 47 ಕೋಟಿ ಡಾಲರ್ ಕೊಟ್ಟು ಒಪ್ಪಂದ ಮಾಡಿಕೊಂಡಿತು. ಅದರ ಭಾರತೀಯ ಘಟಕದ ಅಧಿಕಾರಿಗಳು ತಪ್ಪಿತಸ್ಥರೆಂದು ಭೋಪಾಲ್ ನ್ಯಾಯಾಲಯ ಹೇಳಿದ್ದು 2010ರ ಜೂನ್ 7ರಂದು: ಎರಡು ವರ್ಷ ಶಿಕ್ಷೆ, ಒಂದು ಲಕ್ಷ ದಂಡ, ಅಂದೇ ಜಾಮೀನು. ಇದನ್ನು ಓದಿದ ಇಪ್ಪತ್ತರ ಹುಡುಗಿಗೆ ಸಿಟ್ಟು ಬರಬೇಡವೇ? ನಿಮ್ಮ ಐದು ಪುಟಗಳಲ್ಲಿ ಸಿಟ್ಟಿನ ಒಂದು ಸಾಲೂ ಇಲ್ಲ. ವಿಧಿಯ ಮೇಲೆ ಯಾರು ಸಿಟ್ಟಾಗುತ್ತಾರೆ? ಅದರ ಮುಂದೆ ಅಳುವುದೊಂದೇ ದಾರಿ. ಹಾಗಾಗಿ ನಿಮ್ಮ ಸಭಾಂಗಣದಲ್ಲಿ ಎಲ್ಲರೂ ಬರೇ ಅತ್ತರು.

1984ರಲ್ಲಿ ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಕಲಿಯುತ್ತಿದ್ದೆ. ಡಿಸೆಂಬರ್ 3ರ ಸಂಜೆ ಟೆಲಿಪ್ರಿಂಟರಿನಿಂದ ಹರಿದು ತಂದ ಇಂಗ್ಲಿಷ್ ಸುದ್ದಿಯನ್ನು ನಾವು ಹುಡುಗರು ಕನ್ನಡಕ್ಕೆ ಇಳಿಸುತ್ತಿದ್ದೆವು. ಸತ್ತವರ ಸಂಖ್ಯೆ ಏರುತ್ತಲೇ ಇತ್ತು. ತಲೆಬರಹ ಬರೆದು ಮುಗಿಸುವಷ್ಟರಲ್ಲಿ ಹಳತಾಗುತ್ತಿತ್ತು. ನಮ್ಮ ಮುಖ್ಯ ಉಪಸಂಪಾದಕರು ಪ್ರತಿ ಹಾಳೆ ಬಂದಾಗಲೂ ಒಂದೇ ಮಾತು ಕೇಳುತ್ತಿದ್ದರು: “ಗಾಳಿ ಯಾವ ಕಡೆ ಬೀಸಾಕತ್ತಿತ್ತಂತ ಎಲ್ಲ್ಯರ ಕೊಟ್ಟಾರೇನ್ ನೋಡೋ ತಮ್ಮಾ.” ಅಷ್ಟು ಹೆಣಗಳ ನಡುವೆ ಇವರಿಗೆ ಗಾಳಿಯ ಚಿಂತೆ ಯಾಕೆ ಎಂದು ಡೆಸ್ಕೆಲ್ಲ ಅವರ ಮುಖ ನೋಡಿತು. ಅವರು ಹತ್ತಿ ಬೆಳೆಯುವ ಮನೆಯಿಂದ ಬಂದವರು. ಹೊಲಕ್ಕೆ ಔಷಧ ಹೊಡೆಯುವಾಗ ಗಾಳಿಗೆ ಎದುರು ನಿಲ್ಲಬಾರದು ಎಂಬುದನ್ನು ಚಿಕ್ಕಂದಿನಲ್ಲೇ ಕಲಿತಿದ್ದರು. ಭೋಪಾಲಿನ ಆ ಕಾರ್ಖಾನೆ ತಯಾರಿಸುತ್ತಿದ್ದದ್ದೂ ಅಂಥ ಕೀಟನಾಶಕವನ್ನೇ. ಜನ ಗಾಳಿಯ ಜೊತೆಗೇ ಓಡಿದರೋ, ಅಡ್ಡಕ್ಕೆ ಓಡಿದರೋ, ಯಾರಾದರೂ ಅವರಿಗೆ ಹೇಳಿದ್ದರೋ, ಇದು ನಮ್ಮ ಉಪಸಂಪಾದಕರಿಗೆ ತಿಳಿಯಬೇಕಿತ್ತು. ಆ ರಾತ್ರಿ ಯಾವ ಹಾಳೆಯಲ್ಲೂ ಉತ್ತರ ಬರಲಿಲ್ಲ.

ಉತ್ತರ ನಿಧಾನವಾಗಿ, ಬದುಕಿದವರ ಬಾಯಿಂದ ಬಂತು. ಆ ಅನಿಲ ಗಾಳಿಗಿಂತ ಭಾರ, ನೆಲ ಹಿಡಿದು ಸಾಗುತ್ತದೆ. ಹಾಗಾಗಿ ಮಕ್ಕಳ ಎದೆಗೆ ಹೆಚ್ಚು ಹೊಕ್ಕಿತು. ಓಡಿದವರು ಏದುಸಿರು ಬಿಟ್ಟು ಇನ್ನಷ್ಟು ಎಳೆದುಕೊಂಡರು. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಂಡಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು, ಅದನ್ನು ಹೇಳುವವರು ಇರಲಿಲ್ಲ. ಇವತ್ತಿಗೂ ದುರಂತದ ಬಗ್ಗೆ ಯಾವ ಬರಹ ಬಂದರೂ ನಾನು ಮೊದಲು ಹುಡುಕುವುದು ಆ ಗಾಳಿಯ ಪ್ರಶ್ನೆಯನ್ನು. ಆ ಉಪಸಂಪಾದಕರಿಂದ ಬಂದ ಅಭ್ಯಾಸ.

ಈಗ ನಿಮ್ಮ ಕಣ್ಣೀರಿಗೆ ಬರುತ್ತೇನೆ. ‘ಸಭಾಂಗಣದಲ್ಲಿ ಕಣ್ಣೀರು ಹಾಕದವರೇ ಇರಲಿಲ್ಲ’ ಎಂದು ಎರಡನೆಯ ಪುಟದಲ್ಲಿದೆ. ಮೂರನೆಯ ಪುಟದಲ್ಲಿ ‘ಹಿಂದಿನ ಬೆಂಚಿನ ಕೆಲವರು ನಗುತ್ತಿದ್ದರು, ಇವರೂ ಮನುಷ್ಯರೇ?’ ಎಂದಿದೆ. ಎರಡರಲ್ಲಿ ಒಂದು ಸುಳ್ಳು, ಮತ್ತು ಸುಳ್ಳು ಮೊದಲನೆಯದು. ನಕ್ಕ ಹುಡುಗರನ್ನು ನಾನು ನಂಬುತ್ತೇನೆ. ಹದಿನೆಂಟರ ಹುಡುಗರಿಗೆ ತಡೆಯಲಾರದ್ದು ಎದುರಾದಾಗ ನಗು ಬರುವುದುಂಟು. ಪಕ್ಕದವನು ತನ್ನ ಕಣ್ಣು ನೋಡಿಬಿಟ್ಟಾನು ಎಂಬ ಭಯಕ್ಕೂ ನಗುತ್ತಾರೆ. ಬೇಸರಕ್ಕೆ ನಕ್ಕವರೂ ಇರಬಹುದು. ನೀವು ಅವರನ್ನು ಹೋಗಿ ಕೇಳಬೇಕಿತ್ತು. ಕೇಳದೆ ತೀರ್ಪು ಕೊಟ್ಟಿರಿ.

‘ಕಣ್ಣಾಲಿಗಳು ತುಂಬಿ ಬಂದವು, ಕರುಳು ಕಿತ್ತು ಬಂತು, ಎದೆ ಒಡೆದು ಹೋಯಿತು.’ ಒಂದೇ ಪ್ಯಾರಾದಲ್ಲಿ ಈ ಮೂರೂ ಇವೆ. ಭೋಪಾಲ್ ಎಂಬ ಹೆಸರು ತೆಗೆದು ಸುನಾಮಿ ಎಂದು ಹಾಕಿದರೂ, ಕೇದಾರನಾಥ ಎಂದು ಹಾಕಿದರೂ ಆ ಪ್ಯಾರಾದ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ. ನೀವು ನಿಜಕ್ಕೂ ಅತ್ತಿರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಯಾವುದನ್ನು ಕಂಡು ಅತ್ತಿರಿ ಎಂಬುದು ಬರಹದಲ್ಲಿ ಕಾಣುತ್ತಿಲ್ಲ. ಮಣ್ಣಿನಲ್ಲಿ ಹೂಳುತ್ತಿರುವ ಮಗುವಿನ ಆ ಚಿತ್ರ, ರಘು ರಾಯ್ ತೆಗೆದ ಕಪ್ಪುಬಿಳುಪು ಫೋಟೊ, ಪರದೆಯ ಮೇಲೆ ಬಂತೆಂದು ಬರೆದಿದ್ದೀರಿ. ಅದರಲ್ಲಿ ಮಗುವಿನ ಕಣ್ಣು ತೆರೆದೇ ಇದೆ. ಹಣೆಯ ಮೇಲೆ ಒಬ್ಬ ದೊಡ್ಡವರ ಕೈ ಇದೆ. ಮಣ್ಣು ಮುಚ್ಚುವ ಮೊದಲು ಆ ಕೈ ಅಲ್ಲಿ ತಡೆದು ನಿಂತಿದೆ. ಮಗು ಯಾರದೆಂದು ಇಂದಿಗೂ ಪತ್ತೆಯಿಲ್ಲ. ಈ ಚಿತ್ರಕ್ಕೆ ಅರ್ಧ ಸಾಲು, ನಿಮ್ಮ ಎದೆಯಲ್ಲಿ ಏನಾಯಿತು ಎಂಬುದಕ್ಕೆ ಮುಕ್ಕಾಲು ಪುಟ. ಆ ಕೈಯನ್ನು ನೀವು ನನಗೆ ತೋರಿಸಿದ್ದರೆ ನಿಮ್ಮ ಎದೆಯ ವರದಿ ನನಗೆ ಬೇಕಾಗುತ್ತಿರಲಿಲ್ಲ.

ನಾಲ್ಕನೆಯ ಪುಟದ ಕೆಳಗೆ, ನೀವೇ ಲಕ್ಷ್ಯ ಕೊಡದ ಒಂದು ಸಾಲಿದೆ. ‘ನನ್ನ ಪಕ್ಕ ಕೂತಿದ್ದ ಗೆಳತಿ ಅಳಲಿಲ್ಲ; ಅರ್ಧಕ್ಕೇ ಎದ್ದು ಹೊರಗೆ ಹೋಗಿ, ಕಾರಿಡಾರಿನಲ್ಲಿ ನಿಂತು ಬೀದರಿನಲ್ಲಿರುವ ತನ್ನ ಅಪ್ಪನಿಗೆ ಫೋನ್ ಮಾಡಿದಳು. ಅವರು ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಇದ್ದಾರೆ.’ ಅಲ್ಲಿಗೆ ಪೂರ್ಣವಿರಾಮ ಹಾಕಿ ಮತ್ತೆ ನಿಮ್ಮ ಕಣ್ಣೀರಿಗೆ ಮರಳಿದ್ದೀರಿ. ನಾನು ರೇಗಿದ್ದು ಇಲ್ಲಿ! ಇಡೀ ಸಭಾಂಗಣದಲ್ಲಿ ಆ ಚಿತ್ರವನ್ನು ಪೂರ್ತಿ ಅರ್ಥ ಮಾಡಿಕೊಂಡವಳು ಅವಳು. ಅವಳಿಗೆ ಅದು 1984 ಅಲ್ಲ, ಇವತ್ತಿನ ಪಾಳಿ. ಅಪ್ಪನಿಗೆ ಏನು ಕೇಳಿದಳು? ನಿಮ್ಮಲ್ಲಿ ಸೈರನ್ ಇದೆಯೇ ಎಂದೇ? ಇವತ್ತು ರಜೆ ಹಾಕು ಎಂದೇ? ಅಥವಾ ಕೇಳಬೇಕಾದದ್ದು ಬಾಯಿಗೆ ಬಾರದೆ ‘ಊಟ ಆಯ್ತಾ ಅಪ್ಪಾ’ ಎಂದಷ್ಟೇ ಕೇಳಿ ಫೋನಿಟ್ಟಳೇ? ಅವರು ಏನೆಂದರು? ಮಗಳಿಗೆ ಧೈರ್ಯ ಹೇಳಿದರೋ, ನಿಜ ಹೇಳಿದರೋ?

ಮೊದಲ ಮೂರು ಪುಟ ತೆಗೆದುಹಾಕಿ. ಕಾರಿಡಾರಿನಿಂದ ಶುರು ಮಾಡಿ. ಗೆಳತಿಯ ಜೊತೆ ಕೂತು ಮಾತಾಡಿ, ಹಿಂದಿನ ಬೆಂಚಿನ ಹುಡುಗರ ಜೊತೆಗೂ. ಚಿತ್ರವನ್ನು ಇನ್ನೊಮ್ಮೆ ನೋಡಿ, ಈ ಸಲ ತಾಂತ್ರಿಕ ವಿವರಗಳು ಬಂದಾಗ ಪೆನ್ನು ಹಿಡಿದಿರಿ. ಆ ಕಾರ್ಖಾನೆಯ ಅಂಗಳದಲ್ಲಿ ಉಳಿದಿದ್ದ 337 ಟನ್ ತ್ಯಾಜ್ಯ 2025ರ ಜನವರಿಯಲ್ಲಷ್ಟೇ ಸುಡಲೆಂದು ಮಧ್ಯಪ್ರದೇಶದ ಪೀಥಂಪುರಕ್ಕೆ ಹೋಯಿತು, ತಮ್ಮೂರಲ್ಲಿ ಸುಡಬೇಡಿ ಎಂದು ಅಲ್ಲಿನ ಜನ ಬೀದಿಗಿಳಿದರು. ‘ಎಂದೋ ಮುಗಿದ ಕಥೆ’ ಎಂಬ ನಿಮ್ಮ ಮಾತನ್ನು ಆಗ ನೀವೇ ಹೊಡೆದುಹಾಕುತ್ತೀರಿ. ಅವಸರವಿಲ್ಲ, ಪರೀಕ್ಷೆ ಮುಗಿಸಿಕೊಂಡೇ ಕಳಿಸಿ, ನಾನೇ ಓದುತ್ತೇನೆ. ಒಂದು ಮಾತು: ಗೆಳತಿಯನ್ನೂ ಅವಳ ತಂದೆಯನ್ನೂ ಕೇಳಿ, ಅವರು ಒಪ್ಪಿದರೆ ಮಾತ್ರ ಬರೆಯಿರಿ. ಕಾರ್ಖಾನೆಯ ಹೆಸರು ಬೇಡ, ಅವರ ಹೆಸರೂ ಬೇಡ. ಅವರು ನಾಳೆ ಬೆಳಿಗ್ಗೆ ಮತ್ತೆ ಅಲ್ಲಿಗೇ ಕೆಲಸಕ್ಕೆ ಹೋಗಬೇಕಾದವರು.