ಬೆಳೆಸಿದ ಹುಡುಗಿ ದೂರ ಹೋದಾಗ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಲು ನನ್ನ ಬಳಿ ಬಂದವರು ಐವತ್ತರ ಆಸುಪಾಸಿನ ಮಹಿಳೆ. ತಮ್ಮ ಕ್ರೈಸ್ತ ಸಭೆಯಲ್ಲಿ ಯುವತಿಯರಿಗೆ ಬೈಬಲ್ ಅಧ್ಯಯನ ನಡೆಸುತ್ತಾರೆ. ಹೆತ್ತವರಿಲ್ಲದ ಒಬ್ಬ ಹುಡುಗಿಯನ್ನು ಮನೆಯಲ್ಲೇ ಇಟ್ಟುಕೊಂಡು ಓದಿಸಿದ್ದರು. ಫೀಸು ಕಟ್ಟಿದರು, ಪರೀಕ್ಷೆ ಹೊತ್ತಲ್ಲಿ ರಾತ್ರಿ ಜೊತೆಗೆ ಕೂತರು, ಇಂಟರ್‌ವ್ಯೂಗೆ ತಯಾರು ಮಾಡಿದರು. ಹುಡುಗಿ ಬೇರೆ ಊರಲ್ಲಿ ಕೆಲಸ ಹಿಡಿದಳು, ಅಲ್ಲೇ ಒಂದು ಸಭೆಗೆ ಸೇರಿಕೊಂಡಳು. ಫೋನ್ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು.

"ದೇವರಿಗೋಸ್ಕರ ಮಾಡಿದೆ ಮೇಡಂ, ಏನೂ ವಾಪಸ್ ಕೇಳಲಿಲ್ಲ. ಆದ್ರೂ ಒಂದು ಫೋನ್ ಮಾಡಬಾರದಾ? ಇನ್ಮೇಲೆ ಯಾರಿಗೂ ಏನೂ ಮಾಡಲ್ಲ."

ಮೊಬೈಲ್ ತೆಗೆದು, ಬರೆದೂ ಕಳಿಸದೆ ಇಟ್ಟಿದ್ದ ಮೆಸೇಜ್ ತೋರಿಸಿದರು. ಎಷ್ಟು ಸರಿಸಿದರೂ ಮುಗಿಯುತ್ತಿರಲಿಲ್ಲ. ಯಾವ ಸೆಮಿಸ್ಟರ್ ಫೀಸು ಯಾರು ಕಟ್ಟಿದ್ದು, ಜ್ವರ ಬಂದಾಗ ಯಾರು ನೋಡಿಕೊಂಡದ್ದು, ಎಲ್ಲ ಅದರಲ್ಲಿತ್ತು.

"ನಿಮಗೆ ನೋವಾಗಿದ್ದು ಅವಳು ಹೋದದ್ದಕ್ಕಾ, ನಿಮ್ಮನ್ನು ಕೇಳದೆ ಹೋದದ್ದಕ್ಕಾ?" ಅಂದೆ. ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಆ ಕೆಲಸ ಬೇಡ ಅಂದಿದ್ದೆ" ಅಂದರು.

ಗಂಟು ಇದ್ದದ್ದು ಅಲ್ಲೇ. ಹಣ ವಾಪಸ್ ಬೇಕು ಅಂತ ಅವರಿಗೆ ಎಂದೂ ಅನ್ನಿಸಿರಲಿಲ್ಲ, ಅದು ನಿಜ. ಆದರೆ ಹುಡುಗಿಯ ಮುಂದಿನ ಬದುಕಿನಲ್ಲಿ ತಮ್ಮ ಮಾತು ನಡೆಯಬೇಕು ಅಂತ ಮನಸ್ಸು ಒಳಗೊಳಗೇ ನಂಬಿಕೊಂಡಿತ್ತು.

ಕೃತಜ್ಞತೆ ಬಯಸಿದ್ದು ಪಾಪವಲ್ಲ ಅಂತ ಮೊದಲು ಹೇಳಿದೆ. ಇಂಥವರು ಆ ನೋವಿಗೂ ನಾಚಿಕೊಳ್ಳುತ್ತಾರೆ, ಅದು ನನಗೆ ತುಂಬ ಬೇಸರ ತರಿಸುವ ಸಂಗತಿ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾಗುತ್ತಾರೆ, ತಿರುಗಿ ಬರುವವನು ಒಬ್ಬನೇ. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಯೇಸುವೇ ಕೇಳಿದರು. ಆದರೆ ಆ ಒಂಬತ್ತು ಮಂದಿಗೆ ಕೊಟ್ಟ ಆರೋಗ್ಯವನ್ನು ವಾಪಸ್ ಪಡೆಯಲಿಲ್ಲ.

ಆಮೇಲೆ ಬೈಬಲಿನಲ್ಲಿ ಬರುವ ಬಾರ್ನಬನ ವಿಷಯಕ್ಕೆ ಬಂದೆವು. ಯೇಸುವಿನ ಶಿಷ್ಯರೆಲ್ಲ ಸೌಲನಿಗೆ, ಅಂದರೆ ಮುಂದೆ ಪೌಲ ಅನ್ನಿಸಿಕೊಂಡವನಿಗೆ, ಹೆದರುತ್ತಿದ್ದಾಗ ಅವನನ್ನು ಅಪೊಸ್ತಲರ (ಯೇಸುವಿನ ಪ್ರಮುಖ ಶಿಷ್ಯರ) ಬಳಿ ಕರೆದುಕೊಂಡು ಹೋದವನು ಬಾರ್ನಬ. ಮುಂದೆ ತಾರ್ಸಕ್ಕೆ ಹೋಗಿ ಅವನನ್ನು ಹುಡುಕಿ ತಂದವನೂ ಅವನೇ. ಅದೇ ಪೌಲ ಮುಂದೆ, ಜೊತೆಗಾರ ಮಾರ್ಕನನ್ನು ಕರೆದೊಯ್ಯುವ ವಿಷಯಕ್ಕೆ ಅವನೊಂದಿಗೆ ಜೋರಾಗಿ ಜಗಳವಾಡಿ ಬೇರೆಯಾದ. ನಿನ್ನನ್ನು ಬೆಳೆಸಿದವನೇ ನಾನು ಅಂತ ಬಾರ್ನಬ ಹೇಳಿದ್ದಾಗಿ ಎಲ್ಲೂ ಬರೆದಿಲ್ಲ. ಪೌಲ ಬೇಡವೆಂದ ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹೊರಟುಹೋದ. ಎಷ್ಟೋ ಕಾಲದ ನಂತರ, ಮಾರ್ಕ ನನಗೆ ಉಪಯುಕ್ತ, ಅವನನ್ನು ಕರೆದುಕೊಂಡು ಬಾ ಅಂತ ಪೌಲನೇ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ. ಈ ಭಾಗಕ್ಕೆ ಬಂದಾಗ ಅವರು ಅತ್ತರು.

ನಾನು ಕೊಟ್ಟ ಸಲಹೆ ಹೀಗಿತ್ತು. ಆ ಉದ್ದದ ಮೆಸೇಜ್ ಅಳಿಸಿ. ಅದರಲ್ಲಿರುವ ಸಿಟ್ಟನ್ನು ಪ್ರಾರ್ಥನೆಯಲ್ಲಿ ದೇವರ ಮುಂದೆ ಹಾಗೇ ಹೇಳಿಕೊಳ್ಳಿ, ಸಭ್ಯ ಮಾತಿಗೆ ಒಗ್ಗಿಸಬೇಡಿ. ಹುಡುಗಿಗೆ ಎರಡು ಸಾಲು ಬರೆಯಿರಿ: ನಿನ್ನ ನೆನಪಾಯಿತು, ಚೆನ್ನಾಗಿರು. ಹಳೆಯ ಉಪಕಾರದ ಸುಳಿವೂ ಬೇಡ, ಉತ್ತರಕ್ಕೆ ಗಡುವೂ ಬೇಡ. ಅವಳು ಹೆದರಿಕೊಂಡು ಸುಮ್ಮನಾಗಿರಬಹುದು, ಅಲ್ವಾ? ನಿಮ್ಮ ಮಾತು ಮೀರಿ ಹೋದವಳು ಅವಳು.

ಸಹಾಯ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಕೊಡುವ ಮನಸ್ಸು ಅವರ ನಂಬಿಕೆಯ ಜೀವಾಳ, ಅದನ್ನು ಕಿತ್ತರೆ ಅವರು ಒಣಗಿಹೋಗುತ್ತಾರೆ. ಆದರೆ ಒಬ್ಬರ ಭಾರವನ್ನೊಬ್ಬರು ಹೊರಬೇಕೆಂದ ಗಲಾತ್ಯದವರಿಗೆ ಪೌಲ ಬರೆದ ಪತ್ರದ 6ನೇ ಅಧ್ಯಾಯವೇ, ಪ್ರತಿಯೊಬ್ಬರೂ ತಮ್ಮ ಹೊರೆ ಹೊರಬೇಕೆಂದೂ ಹೇಳುತ್ತದೆ. ಮುಂದೆ ಯಾರಿಗೇ ನೆರವಾದರೂ, ಏನು ಬೇಕು ಅಂತ ಮೊದಲು ಅವರನ್ನೇ ಕೇಳಿ. ತೀರ್ಮಾನ ಅವರಿಗೇ ಬಿಡಿ. ಮನೆಯಲ್ಲಿ ಇರಿಸಿಕೊಳ್ಳುವುದಾದರೆ ಗಂಡನ ಒಪ್ಪಿಗೆ ಇರಲಿ, ಕಳೆದ ಸಲ ಅವರನ್ನು ಕೇಳಿಯೇ ಇರಲಿಲ್ಲ.

ಎರಡು ಸಾಲಿನ ಮೆಸೇಜ್ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಬೈಬಲ್ ಅಧ್ಯಯನ ಮತ್ತೆ ಶುರು ಮಾಡಿದ್ದಾರೆ.