ಹಳೇ ಕ್ಯಾಡಿಲಾಕ್ ಕಾರು ರಿಸ್ಟೋರ್ ಮಾಡುವಾಗ ಕ್ರೋಮ್ ಕೆಲಸಕ್ಕೆ ಅಷ್ಟೊಂದು ಖರ್ಚು ಯಾಕೆ?

ಕ್ರೋಮ್ ಅಂದರೆ ಭಾಗಗಳ ಮೇಲಿನ ಹೊಳೆಯುವ ಲೋಹದ ಲೇಪ. ಅದನ್ನು ಹಚ್ಚುವುದಕ್ಕಿಂತ ಅದರ ಕೆಳಗೆ ತಿಂದುಹೋದ ಲೋಹವನ್ನು ಸರಿಮಾಡುವುದಕ್ಕೇ ದುಡ್ಡು ಜಾಸ್ತಿ ಬೇಕು. ಅದು ಪೂರ್ತಿ ಕೈಕೆಲಸ.

1959ರ ಕ್ಯಾಡಿಲಾಕ್ ನೋಡಿದ್ದೀರಲ್ವಾ? ಹಿಂದೆ ಎತ್ತರದ ಎರಡು ರೆಕ್ಕೆ, ಒಂದೊಂದರಲ್ಲೂ ಚೂಪು ಮೂತಿಯ ಎರಡೆರಡು ಕೆಂಪು ದೀಪ. ಬಂಪರ್ ಉಕ್ಕಿನದು, ಅದು ಅಷ್ಟು ಕಷ್ಟವಲ್ಲ. ಆದರೆ ಆ ಕಾಲದ ಅಮೆರಿಕನ್ ಕಾರುಗಳಲ್ಲಿ ದೀಪದ ಚೌಕಟ್ಟು, ಹೆಸರಿನ ಅಕ್ಷರಗಳಂಥ ಎಷ್ಟೋ ಭಾಗಗಳನ್ನು ಸತುವಿನ ಮಿಶ್ರಲೋಹ ಕರಗಿಸಿ ಅಚ್ಚು ಹೊಯ್ದು ಮಾಡುತ್ತಿದ್ದರು. ಅದರ ಮೇಲೆ ತಾಮ್ರ, ನಿಕ್ಕಲ್, ಕೊನೆಗೆ ಕ್ರೋಮ್. ಈ ಕ್ರೋಮ್ ಪದರ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ತೆಳು. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಹಿಮ ಕರಗಿಸಲು ರಸ್ತೆಗೆ ಹಾಕಿದ ಉಪ್ಪು, ನೀರು ಅಲ್ಲಿಂದ ಒಳಗಿಳಿದರೆ ಸತು ಸವೆಯುತ್ತಾ ಬಿಳಿ ಪುಡಿಯಾಗಿ ಉಬ್ಬುತ್ತದೆ. ಮೇಲೆ ಗುಳ್ಳೆ, ಕೆಳಗೆ ಗುಳಿ.

ರಿಪೇರಿಗೆ ಹಳೇ ಪದರಗಳನ್ನೆಲ್ಲ ತೆಗೆಯಬೇಕು. ಒಂದೊಂದು ಗುಳಿಯನ್ನೂ ಸಣ್ಣ ಡ್ರಿಲ್‌ನಿಂದ ಕೊರೆದು ಶುಚಿಮಾಡಬೇಕು. ತಾಮ್ರದ ಲೇಪ ಕೊಟ್ಟು, ಗುಳಿಗೆ ಬೆಸುಗೆ (ಸೋಲ್ಡರ್) ತುಂಬಿ, ನಯವಾಗಿ ಉಜ್ಜಬೇಕು. ಮತ್ತೆ ತಾಮ್ರ, ಮತ್ತೆ ಉಜ್ಜುವುದು. ಅಕ್ಷರಗಳ ಚೂಪಾದ ಅಂಚು ಸವೆಯಬಾರದು. ಮೇಲಾಗಿ ಈ ಮಿಶ್ರಲೋಹ 400 ಡಿಗ್ರಿ ಸೆಲ್ಸಿಯಸ್‌ ಒಳಗೇ ಕರಗುತ್ತದೆ. ಬೆಸುಗೆಯ ಕಾವು ಸ್ವಲ್ಪ ಹೆಚ್ಚಾದರೂ ಭಾಗವೇ ಕೆಟ್ಟಂತೆ. ಇಷ್ಟೆಲ್ಲ ಆದಮೇಲೆ ನಿಕ್ಕಲ್, ಕ್ರೋಮ್ ಬೇಗ ಮುಗಿಯುತ್ತವೆ.

ಹಾಗಾಗಿ ಇಂಥ ಕಾರು ಕೊಳ್ಳುವ ಮುಂಚೆ ಸಣ್ಣ ಕ್ರೋಮ್ ಭಾಗಗಳ ಮೇಲೆಲ್ಲ ಬೆರಳಾಡಿಸಿ ನೋಡಿ. ಗುಳ್ಳೆ ತಗುಲಿದರೆ ಬೆಲೆ ಮಾತಾಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.