ಹಳೇ ಮಿಯಾಟಾ ಕಾರು ತಗ್ಗಿಸಬೇಕು, ಆದರೆ ಸವಾರಿ ಕೆಡಬಾರದು. ಏನೇನು ಹಾಕಲಿ?

ಮೊದಲ ತಲೆಮಾರಿನ ಮಜ್ದಾ ಮಿಯಾಟಾ (1989–97) ಅಂತ ಇಟ್ಟುಕೊಂಡು ಹೇಳುತ್ತೇನೆ. ಸುಮ್ನೆ ಗಿಡ್ಡ ಸ್ಪ್ರಿಂಗ್ ತಂದು ಹಳೇ ಶಾಕ್ (ಸ್ಪ್ರಿಂಗ್ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಮೇಲೆ ಕೂರಿಸಬೇಡಿ. ಈ ಕಾರಿನಲ್ಲಿ ಚಕ್ರ ಮೇಲೇರಲು ಇರುವ ಜಾಗವೇ ಕಡಿಮೆ. ಜಾಸ್ತಿ ತಗ್ಗಿಸಿದರೆ ಸಣ್ಣ ಗುಂಡಿಗೂ ಶಾಕ್ ಹೋಗಿ ಬಂಪ್ ಸ್ಟಾಪ್‌ಗೆ (ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ತುಂಡು) ಬಡಿಯುತ್ತದೆ, ಆಗ ಬೆನ್ನಿಗೆ ಬೀಳುವ ಏಟನ್ನು ಜನ ಸ್ಪ್ರಿಂಗ್ ಗಟ್ಟಿ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಸ್ಪ್ರಿಂಗ್ ಮೆತ್ತಗಿರುವುದೇ ತೊಂದರೆ! ಕಾರು ಇಳಿದಷ್ಟೂ ಸ್ಪ್ರಿಂಗ್ ಗಟ್ಟಿಯಾಗಬೇಕು, ಅದನ್ನು ಹಿಡಿದಿಡುವ ತಾಕತ್ತು ಶಾಕ್‌ಗೂ ಬೇಕು ಅಲ್ವಾ?

ತಗ್ಗಿಸುವುದನ್ನು 25 ಮಿಲಿಮೀಟರ್ ಆಸುಪಾಸಿಗೆ ನಿಲ್ಲಿಸಿ. ಶಾಕ್‌ಗೆ ನನ್ನ ಆಯ್ಕೆ ಹಳದಿ ಬಣ್ಣದ ಕೋನಿ ಸ್ಪೋರ್ಟ್. ಸ್ಪ್ರಿಂಗ್ ವಾಪಸ್ ಚಿಮ್ಮುವ ಬಿರುಸನ್ನು ಅದರಲ್ಲಿ ತಿರುವಿ ಹೊಂದಿಸಬಹುದು, ಮೆತ್ತನೆಯ ಕಡೆಯಿಂದಲೇ ಶುರು ಮಾಡಿ. ಎರಡನೇ ತಲೆಮಾರಿನ ಮಿಯಾಟಾದ ಶಾಕ್ ಮೌಂಟ್ (ಶಾಕ್‌ನ ಮೇಲ್ತುದಿಯನ್ನು ಕಾರಿಗೆ ಹಿಡಿಸುವ ಭಾಗ) ಹಾಕಿದರೆ ಇನ್ನೊಂದಿಷ್ಟು ಜಾಗ ಸಿಗುತ್ತದೆ, ಜೊತೆಗೆ ಮೆತ್ತನೆಯ ಫೋಮ್ ಬಂಪ್ ಸ್ಟಾಪ್ ಹಾಕಿಸಿ. ತೀರಾ ಅಗ್ಗದ ಕಾಯ್ಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಬೇಡವೇ ಬೇಡ.

ಚಕ್ರವನ್ನು ಕಾರಿಗೆ ಜೋಡಿಸುವ ತೋಳುಗಳಾದ ಕಂಟ್ರೋಲ್ ಆರ್ಮ್‌ಗಳ ಬೋಲ್ಟ್‌ಗಳನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತಾಗಲೇ ಕೊನೆಯದಾಗಿ ಬಿಗಿ ಮಾಡಿ, ಇಲ್ಲದಿದ್ದರೆ ಆ ಕೀಲುಗಳಲ್ಲಿರುವ ಬುಷ್ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.